ನಾಳೆ ಬನ್ನಿ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಒಂದು ದೆವ್ವ ತಿರುಗುತ್ತಿತ್ತು. ರಾತ್ರಿ ಬಾಗಿಲು ಬಡಿದು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಿತ್ತಂತೆ. ಬಾಗಿಲು ತೆರೆದವರ ಕಥೆ ಮುಗಿಯಿತಂತೆ. ಅದಕ್ಕೆ ಜನ ಕಂಡುಕೊಂಡ ಉಪಾಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ, ಮತ್ತೆ ಹೋಗುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ನಾನಾಗ ಅರಸೀಕೆರೆ ಕಡೆಯ ಒಂದು ಹೋಬಳಿ ಊರಿನ ಬ್ಯಾಂಕಿನಲ್ಲಿ ಕ್ಯಾಷಿಯರ್. 1988ರಲ್ಲಿ ಕೆಲಸಕ್ಕೆ ಸೇರಿದವಳು. ಒಂದು ಬೆಳಿಗ್ಗೆ ಬಂದು ನೋಡಿದರೆ ಯಾರೋ ಪುಣ್ಯಾತ್ಮರು ನಮ್ಮ ಬ್ಯಾಂಕಿನ ಶಟರ್ ಮೇಲೂ ದೊಡ್ಡದಾಗಿ ‘ನಾಳೆ ಬಾ’ ಬರೆದು ಹೋಗಿದ್ದರು. ಅಟೆಂಡರ್ ಒದ್ದೆ ಬಟ್ಟೆ ತಂದ. ನಮ್ಮ ಹೆಡ್ ಕ್ಯಾಷಿಯರ್ ರಾಯರು ಕನ್ನಡಕ ಮೇಲೆತ್ತಿ ಅದನ್ನು ಓದಿ, “ಬಿಡೋ, ಒರೆಸಬೇಡ. ನಾವು ದಿನಾ ಒಳಗೆ ಹೇಳೋದನ್ನೇ ಯಾರೋ ಹೊರಗೆ ಬರೆದಿದಾರೆ” ಅಂದರು.

ಎಲ್ಲರೂ ನಕ್ಕೆವು. ಹತ್ತು ಗಂಟೆಗೆ ಕೌಂಟರ್ ತೆರೆಯಿತು. ಹತ್ತೂಕಾಲಿಗೆ ನಾನೇ ಒಬ್ಬರಿಗೆ “ನಾಳೆ ಬನ್ನಿ” ಅಂದೆ.

ಇದೆಲ್ಲ ಈಗ ನೆನಪಾಗಿದ್ದು ಮಗಳಿಂದ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಈ ಸಲದ ಅಪ್ರೈಸಲ್‌ನಲ್ಲಿ ಕೆಲಸದ ಬಗ್ಗೆ ತಕರಾರಿಲ್ಲ, ‘ಪೀಪಲ್ ಸ್ಕಿಲ್ಸ್ ಸುಧಾರಿಸಿಕೊಳ್ಳಬೇಕು’ ಅಂತ ಒಂದು ಸಾಲು ಬರೆದಿದ್ದಾರಂತೆ. “ಅಮ್ಮಾ, ಹಾಗಂದ್ರೆ ಏನು? ಎಲ್ಲರ ಜೊತೆ ಚೆನ್ನಾಗೇ ಮಾತಾಡ್ತೀನಲ್ಲ ನಾನು” ಅಂದಳು. ಅದಕ್ಕೊಂದು ಆನ್‌ಲೈನ್ ಕೋರ್ಸಿಗೂ ದುಡ್ಡು ಕಟ್ಟಿದ್ದಾಳೆ. ಮೂವತ್ತಾರು ವರ್ಷ ಕೌಂಟರಿನ ಈಚೆ ಕೂತವಳು ನಾನು, ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ಅನ್ನಿಸಿದ್ದು ಇಷ್ಟು: ನನ್ನ ನೌಕರಿಯಲ್ಲಿ ನಾನು ಜನರ ಜೊತೆ ಕೆಟ್ಟದ್ದು, ಸುಧಾರಿಸಿದ್ದು ಎಲ್ಲ ಒಂದೇ ಮಾತಿನ ಸುತ್ತ. ‘ಆಗಲ್ಲ’ ಅನ್ನುವ ಮಾತು. ಅದನ್ನು ಯಾವಾಗ ಹೇಳಿದೆ, ಹೇಗೆ ಹೇಳಿದೆ, ಎಷ್ಟು ಹೊತ್ತು ಬಾಯೊಳಗೇ ಇಟ್ಟುಕೊಂಡೆ, ಅದರ ಸುತ್ತ.

ಬ್ಯಾಂಕಿನವರು ನಮಗೆ ತರಬೇತಿ ಕೊಡಲಿಲ್ಲ ಅಂತಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಟ್ರೈನಿಂಗ್ ಕಾಲೇಜಿಗೆ ಕರೆಯುತ್ತಿದ್ದರು. ಊಟ ಚೆನ್ನಾಗಿರುತ್ತಿತ್ತು. ಹೊರಗಿನಿಂದ ಬಂದ ಒಬ್ಬ ಟೈ ಕಟ್ಟಿದ ಯುವಕ ನಗುಮುಖದಿಂದ ಸ್ವಾಗತಿಸಿ, ಗ್ರಾಹಕರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಅಂತ ಹೇಳಿಕೊಟ್ಟ. ನಾನು ಶಾಖೆಗೆ ವಾಪಸ್ ಬಂದು, ಸೆರಗು ತಲೆ ಮೇಲೆ ಹೊದ್ದು ಚಿನ್ನದ ಸಾಲಕ್ಕೆ ಬಂದ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟೆ. ಆಕೆ ತಾಳಿಯ ಗುಂಡು ಅಡ ಇಡಲು ಬಂದಿದ್ದಳು. ನೆಲ ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ನನ್ನ ಕಣ್ಣಲ್ಲ, ನಾನು ಆ ಕಡೆ ಈ ಕಡೆ ನೋಡಿಕೊಂಡು ಚೀಟಿ ಬರೆದು ಬೇಗ ಮುಗಿಸುವುದು. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುವಾಗಲೂ ಬೆನ್ನು ತಿರುಗಿಸಿ ಕೂರುತ್ತಿದ್ದರು. ಆ ಮರ್ಯಾದೆ ಅವರಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ.

ನಮಗೆ ‘ಇಲ್ಲ’ ಅನ್ನೋದು ಕಷ್ಟ, ಅದು ಮನೆಯಿಂದಲೇ ಬಂದದ್ದು. ನನ್ನ ಅಜ್ಜಿ ಅಕ್ಕಿ ಮುಗಿದರೆ ‘ಅಕ್ಕಿ ಇಲ್ಲ’ ಅನ್ನುತ್ತಿರಲಿಲ್ಲ, ‘ಅಕ್ಕಿ ತುಂಬಿದೆ’ ಅನ್ನುತ್ತಿದ್ದಳು. ಬಳೆ ಒಡೆದರೆ ‘ಹೆಚ್ಚಿತು’. ಹೊರಡುವಾಗ ‘ಹೋಗ್ತೀನಿ’ ಅಂದರೆ ಬಯ್ಯುತ್ತಿದ್ದಳು, ‘ಹೋಗಿ ಬರ್ತೀನಿ’ ಅನ್ನಬೇಕು. ಇಂಥ ಮನೆಯಲ್ಲಿ ಬೆಳೆದವಳು ಕೌಂಟರಿನಲ್ಲಿ ಕೂತು ‘ನಿಮ್ಮ ಸಾಲ ಆಗಲ್ಲ’ ಅಂತ ಮುಖಕ್ಕೆ ಹೇಳುವುದು ಹೇಗೆ? ಹಾಗಾಗಿ ‘ನೋಡೋಣ’, ‘ಆಗಬಹುದು’, ‘ಮೇಲಿಂದ ಬರಬೇಕು’, ‘ಮ್ಯಾನೇಜರ್ ರಜಾ ಇದಾರೆ’. ಇವೆಲ್ಲದರ ಅಪ್ಪ ‘ನಾಳೆ ಬನ್ನಿ’. ಇದನ್ನು ನಾವು ಸೌಜನ್ಯ ಅಂದುಕೊಂಡಿದ್ದೆವು. ಮನೆಯಲ್ಲಿ ಅದು ಸೌಜನ್ಯವೇ, ಯಾಕೆಂದರೆ ‘ಅಕ್ಕಿ ತುಂಬಿದೆ’ ಅಂದರೆ ತಾತ ಅಂಗಡಿಗೆ ಹೊರಡುತ್ತಿದ್ದರು. ಅದರ ಅರ್ಥ ಮನೆಯವರಿಗೆಲ್ಲ ಗೊತ್ತಿತ್ತು. ಬ್ಯಾಂಕಿನ ‘ನೋಡೋಣ’ದ ಅರ್ಥ ಹೊಲ ಬಿಟ್ಟು ಬಸ್ಸು ಹತ್ತಿ ಬಂದವರಿಗೆ ಹೇಗೆ ಗೊತ್ತಾಗಬೇಕು? ಅವರು ನಿಜಕ್ಕೂ ನೋಡುತ್ತಾ ಕೂರುತ್ತಿದ್ದರು.

ನನ್ನ ಮೊದಲ ಪಾಠಕ್ಕೆ ಐದು ಸಾವಿರ ರೂಪಾಯಿ ಫೀಸು ಕಟ್ಟಿದ್ದೇನೆ.

ಸೇರಿದ ಎರಡನೇ ವರ್ಷ. ಸಂತೆಯ ದಿನ. ಆಗ ಕ್ಯಾಶ್ ಕೌಂಟರ್ ಹತ್ತರಿಂದ ಎರಡರವರೆಗೆ. ಹಿತ್ತಾಳೆ ಟೋಕನ್ ಕೊಡುವುದು, ಲೆಡ್ಜರಿನಲ್ಲಿ ಬರೆದು ವೋಚರ್ ಪಾಸ್ ಆಗಿ ಬಂದ ಮೇಲೆ ಟೋಕನ್ ನಂಬರ್ ಕೂಗಿ ದುಡ್ಡು ಕೊಡುವುದು. ಹಗ್ಗದ ವ್ಯಾಪಾರಿಯೊಬ್ಬರ ಗುಮಾಸ್ತ ಆಳುಗಳ ಬಟವಾಡೆಗೆ ಐದು ಸಾವಿರ, ಎಲ್ಲ ಐವತ್ತರ ನೋಟು ಬೇಕು ಅಂದ. ನಾನು ಐವತ್ತರ ಕಟ್ಟಿನ ಬದಲು ನೂರರ ಕಟ್ಟು ಕೊಟ್ಟೆ. ಆಗಿನ ಕಟ್ಟುಗಳಿಗೆ ಸ್ಟೇಪಲ್ ಪಿನ್ ಹೊಡೆದಿರುತ್ತಿದ್ದರು, 2001ರಲ್ಲಿ ರಿಸರ್ವ್ ಬ್ಯಾಂಕ್ ಪಿನ್ ಹೊಡೆಯಬಾರದೆಂದು ಹೇಳುವವರೆಗೂ. ಬಿಚ್ಚಿ ಎಣಿಸುವುದು ರಗಳೆ ಅಂತ ಬ್ಯಾಂಡಿನ ಮೇಲಿನ ಸಹಿ ನೋಡಿ ಕೊಟ್ಟುಬಿಟ್ಟಿದ್ದೆ.

ಹನ್ನೆರಡೂವರೆಗೆ ಡ್ರಾಯರ್ ನೋಡಿದಾಗ ಗೊತ್ತಾಯಿತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗೆ. ನಾನು ಮಾಡಿದ್ದೇನು ಗೊತ್ತೇ? ಏನೂ ಇಲ್ಲ. ಡ್ರಾಯರ್ ಮುಚ್ಚಿದೆ. ಮುಂದಿನ ಟೋಕನ್ ಕೂಗಿದೆ. ಲೆಕ್ಕ ತಪ್ಪಿರಬಹುದು, ಸಂಜೆ ಟ್ಯಾಲಿ ಮಾಡುವಾಗ ಸರಿಹೋಗಬಹುದು, ಆ ಗುಮಾಸ್ತನೇ ವಾಪಸ್ ತಂದುಕೊಡಬಹುದು. ಎರಡು ಗಂಟೆಗೆ ಕೌಂಟರ್ ಮುಚ್ಚಿದ ಮೇಲೂ ಮೂರು ಸಲ ಎಣಿಸಿದೆ. ಮೂರೂವರೆಗೆ ರಾಯರೇ ಬಂದು, “ಏನಮ್ಮಾ, ಮುಖ ಬಾಡಿದೆ?” ಅಂದಾಗ ಅಳು ಬಂತು.

ರಾಯರು ಬಯ್ಯಲಿಲ್ಲ. “ಯಾವಾಗ ಗೊತ್ತಾಯ್ತು?” ಅಂದರು. ಹನ್ನೆರಡೂವರೆ ಅಂದೆ. ಆಗ ಮಾತ್ರ ಅವರ ಮುಖ ಬದಲಾಯಿತು. “ಸಂತೆ ಒಂದೂವರೆವರೆಗೂ ಇತ್ತಲ್ಲಮ್ಮಾ. ಬಟವಾಡೆ ಅಲ್ಲೇ ನಡೀತಿತ್ತು. ಹನ್ನೆರಡೂವರೆಗೆ ಹೇಳಿದ್ರೆ ಅಟೆಂಡರ್‌ನ ಸೈಕಲ್ ಮೇಲೆ ಕಳಿಸ್ತಿದ್ದೆ. ತಪ್ಪು ಮಾಡಿದ್ದು ಐದು ನಿಮಿಷದ್ದು. ನೀನು ಕಳೆದಿದ್ದು ಮೂರು ಗಂಟೆ.”

ಸಂಜೆ ಅವರೂ ನಾನೂ ಆ ಗುಮಾಸ್ತನ ಮನೆ ಹುಡುಕಿಕೊಂಡು ಹೋದೆವು. ಕಟ್ಟು ಬಿಚ್ಚಿ ಎಣಿಸದೆ ಹಂಚಿದೆ ಅಂದ. ನಿಜವೋ ಸುಳ್ಳೋ, ದೇವರಿಗೆ ಗೊತ್ತು. ದುಡ್ಡು ಸಸ್ಪೆನ್ಸ್ ಖಾತೆಗೆ, ಅಂದರೆ ಲೆಕ್ಕ ತೀರುವವರೆಗೆ ಬರೆದಿಡುವ ಖಾತೆಗೆ ಬಿತ್ತು, ಆ ವರ್ಷದ ಹಬ್ಬದ ಅಡ್ವಾನ್ಸ್ ತೆಗೆದುಕೊಂಡು ಕಟ್ಟಿದೆ. ಗೌರಿಗೆ ಹೊಸ ಸೀರೆ ಇರಲಿಲ್ಲ. ಅಮ್ಮ ಯಾಕೆ ಅಂತ ಕೇಳಿದಾಗ ‘ಮುಂದಿನ ತಿಂಗಳು ನೋಡೋಣ’ ಅಂದೆ. ಅಲ್ಲೂ ಅದೇ ಮಾತು.

ತಪ್ಪು ಮಾಡಿದ್ದಕ್ಕೆ ಯಾವ ಮೇಲಧಿಕಾರಿಯೂ ನನ್ನನ್ನು ಜೀವನಪೂರ್ತಿ ನೆನಪಿಟ್ಟುಕೊಳ್ಳಲಿಲ್ಲ. ತಡವಾಗಿ ಹೇಳಿದ್ದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ. ನಾನೇ ಮೇಲಧಿಕಾರಿಯಾದ ಮೇಲೆ ನನಗೂ ಹಾಗೆಯೇ ಆಯಿತು. ಬೆಳಿಗ್ಗೆ ಹನ್ನೊಂದಕ್ಕೆ ಬಂದು “ಮೇಡಂ, ಒಂದು ಎಡವಟ್ಟಾಗಿದೆ” ಅನ್ನುವ ಹುಡುಗನ ಮೇಲೆ ಎಷ್ಟು ಸಿಟ್ಟು ಬಂದರೂ, ಅವನಿಗೆ ಮಾತ್ರ ಲಾಕರ್ ಕೀ ಕೊಡುವ ಧೈರ್ಯ ಇರುತ್ತಿತ್ತು.

ನಾನು ನೋಡಿದವರಲ್ಲಿ ಜನರ ಜೊತೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಮ್ಯಾನೇಜರುಗಳಲ್ಲ, ಪಿಗ್ಮಿ ಏಜೆಂಟರು. ಪಿಗ್ಮಿ ನಮ್ಮ ಕರಾವಳಿಯ ಕೂಸು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಕಟ್ಟಿಸಿಕೊಳ್ಳಲು ಶುರು ಮಾಡಿದ್ದು. ಆಮೇಲೆ ಎಲ್ಲ ಬ್ಯಾಂಕು, ಸೊಸೈಟಿಗಳೂ ಆ ದಾರಿ ಹಿಡಿದವು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ಈಗಲೂ ಎಲ್ಲರ ಬಾಯಲ್ಲಿದೆ.

ನಮ್ಮ ಶಾಖೆಗಿದ್ದ ಪಿಗ್ಮಿ ಏಜೆಂಟ್ ಒಬ್ಬರ ಜೊತೆ ಒಂದು ದಿನ ಬಜಾರ್ ಸುತ್ತಿದ್ದೇನೆ. ಮೊದಲ ಅಂಗಡಿಯ ಮುಂದೆ ಹೋಗಿ ನಿಂತರು, ಒಳಗೆ ಹೋಗಲಿಲ್ಲ. “ಬೋಣಿ ಆಗಿಲ್ಲ ಇನ್ನೂ” ಅಂದರು. ಹೇಗೆ ಗೊತ್ತಾಯಿತು ಅಂದೆ. “ತಕ್ಕಡಿ ಮೇಲೆ ಹೂವು ಅಲುಗಾಡಿಲ್ಲ ನೋಡಿ.” ಬೆಳಿಗ್ಗೆ ಪೂಜೆ ಮಾಡಿ ಇಟ್ಟ ಹೂವು ತಕ್ಕಡಿಯಲ್ಲಿ ಹಾಗೇ ಇತ್ತು. ಬೋಣಿಯಾಗುವ ಮುಂಚೆ ದುಡ್ಡು ಕೇಳಿದರೆ ಆ ಅಂಗಡಿಯವನು ಕೊಡಬಹುದು, ಆದರೆ ಇಡೀ ದಿನದ ವ್ಯಾಪಾರ ಮಂದವಾಗಿದ್ದಕ್ಕೆಲ್ಲ ಇವರೇ ಕಾರಣರಾಗುತ್ತಾರೆ. ಹಾಗೆಯೇ ಶುಕ್ರವಾರ ದೀಪ ಹಚ್ಚಿದ ಮೇಲೆ ಕೆಲವರ ಹತ್ತಿರ ಹೋಗುವಂತಿಲ್ಲ, ಲಕ್ಷ್ಮಿ ಹೊರಗೆ ಹೋಗಬಾರದು. ಮದುವೆ ಜವಳಿ ತೆಗೆಯುವ ದಿನ ಬಟ್ಟೆ ಅಂಗಡಿಗೆ ಮಧ್ಯಾಹ್ನ ಹೋಗಬಾರದು. ಇದೆಲ್ಲ ಅವರ ತಲೆಯಲ್ಲಿತ್ತು. ನನ್ನನ್ನು ಅಚ್ಚರಿಗೊಳಿಸಿದ್ದು ಬೇರೆ. ಅವರಿಗೆ ಹುಷಾರಿಲ್ಲದ್ದರಿಂದ ಮರುದಿನ ಬರಲಾಗುತ್ತಿರಲಿಲ್ಲ. ಅದನ್ನು ಪ್ರತಿ ಅಂಗಡಿಗೂ ಇವತ್ತೇ ಹೇಳುತ್ತಾ ಹೋದರು. “ನಾಳೆ ಬರಲ್ಲ, ನಾಡಿದ್ದು ಬರ್ತೀನಿ, ಎರಡು ದಿನದ್ದು ಸೇರಿಸಿ ಎತ್ತಿಡಿ.” ಇಪ್ಪತ್ತು ರೂಪಾಯಿ ಕಟ್ಟುವವನಿಗೂ ಹೇಳಿದರು. “ಹೇಳದೆ ಒಂದಿನ ತಪ್ಪಿಸಿದ್ರೆ ಮೇಡಂ, ಇವನು ದುಡ್ಡು ತಗೊಂಡು ಓಡಿಹೋದ ಅಂತಾರೆ. ನಂದೇನಿದೆ, ಒಂದು ಸೈಕಲ್ಲು, ಒಂದು ಪುಸ್ತಕ, ಒಂದು ಮುಖ.”

ಗೊಯಿಪೊರಿಯಾ ಸಮಿತಿ ಅಂತ ಒಂದಿತ್ತು. 1990ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಗ್ರಾಹಕ ಸೇವೆ ನೋಡಲು ನೇಮಿಸಿದ್ದು. ಸಮಯ ಮುಗಿಯುವ ಮುಂಚೆ ಬ್ಯಾಂಕಿನ ಒಳಗೆ ಬಂದವರ ಕೆಲಸ ಮಾಡಿಯೇ ಕಳಿಸಬೇಕು ಅನ್ನುವಂಥ ಸರಳ ಮಾತುಗಳನ್ನು ಹೇಳಿತ್ತು. 1995ರಲ್ಲಿ ಬ್ಯಾಂಕಿಂಗ್ ಓಂಬುಡ್ಸ್‌ಮನ್ ಬಂತು, ದೂರು ಕೊಡಬಹುದು ಅಂತ ಗೋಡೆಗೆ ಬೋರ್ಡ್ ಹಾಕಿದೆವು. ಒಳ್ಳೆಯದೇ ಆಯಿತು. ಆದರೆ ಆ ಏಜೆಂಟರ ‘ಒಂದು ಮುಖ’ ಅನ್ನುವ ಮಾತಿಗಿದ್ದ ಬಿಸಿ ಯಾವ ಸುತ್ತೋಲೆಯಲ್ಲೂ ನನಗೆ ತಾಗಲಿಲ್ಲ.

ಇನ್ನು ಹಾವೇರಿ ಜಿಲ್ಲೆ. ಪಾಠವೆಲ್ಲ ಗೊತ್ತಿದ್ದೂ ನಾನು ಮತ್ತೆ ಎಡವಿದ ಜಾಗ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. 9ರಂದು ಬ್ಯಾಂಕ್ ಬಂದ್. 10ರ ಗುರುವಾರ ಬೆಳಿಗ್ಗೆ ನಾನು ಶಾಖೆಗೆ ಹೋದಾಗ ಏಳೂವರೆ, ಸಾಲು ಆಗಲೇ ಹಳೇ ಬಸ್ ನಿಲ್ದಾಣದವರೆಗೆ ಹೋಗಿತ್ತು. ನಾಲ್ಕು ಸಾವಿರದವರೆಗೆ ಹಳೆ ನೋಟು ಬದಲಿಸಿ ಕೊಡಬಹುದು ಅಂತ ಆದೇಶ. ಕರೆನ್ಸಿ ಚೆಸ್ಟಿನಿಂದ, ಅಂದರೆ ಶಾಖೆಗಳಿಗೆ ನೋಟು ಹಂಚುವ ಖಜಾನೆಯಿಂದ ನಮಗೆ ಬಂದ ದುಡ್ಡು ಆ ಸಾಲಿನ ಕಾಲು ಭಾಗಕ್ಕೂ ಸಾಲದು. ಇದು ನನಗೆ ಒಂಬತ್ತು ಗಂಟೆಗೇ ಗೊತ್ತಿತ್ತು. ಮಧ್ಯಾಹ್ನ ಇನ್ನೊಂದು ವ್ಯಾನ್ ಕಳಿಸ್ತೀವಿ ಅಂತ ಫೋನಿನಲ್ಲಿ ಹೇಳಿದ್ದರು. ಕಳಿಸ್ತೀವಿ ಅಂದಿದ್ದರೋ ಕಳಿಸಬಹುದು ಅಂದಿದ್ದರೋ, ನಾನು ಬೇಕಾದ ಹಾಗೆ ಕೇಳಿಸಿಕೊಂಡೆ. ಬಾಗಿಲಲ್ಲಿ ಜನ ಕೇಳಿದಾಗ, “ಇರ್ರಿ, ನೋಡೋಣ. ಎಲ್ಲಾರಿಗೂ ಆಗ್ತದ” ಅಂದೆ.

ಒಂದು ಗಂಟೆಗೆ ಕ್ಯಾಶ್ ಖಾಲಿ. ವ್ಯಾನ್ ಬರಲಿಲ್ಲ. ಸಾಲು ಕರಗಲಿಲ್ಲ. ಎರಡಾಯಿತು, ಮೂರಾಯಿತು. ಮೂರೂಕಾಲಿಗೆ ಫೋನ್ ಬಂತು, ಇವತ್ತು ಇಲ್ಲ ಅಂತ. ಹೊರಗೆ ಬಂದು ಹೇಳಿದೆ. ಗಲಾಟೆ ಆಗಿಯೇ ಆಯಿತು, ಪೊಲೀಸರು ಇದ್ದರು, ಅದೇನೂ ನನಗೆ ನೆನಪಿಲ್ಲ. ನೆನಪಿರುವುದು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಅಜ್ಜಿ. ಇಳಕಲ್ ಸೀರೆ ಮಾಸಿತ್ತು. ಸೆರಗಿನ ತುದಿಯಲ್ಲಿ ಗಂಟು. ಗಂಟಿನಲ್ಲಿ ಐನೂರರ ಎರಡು ನೋಟು, ನಾಲ್ಕು ಮಡಿಕೆಯಾಗಿ. ಸಿಟ್ಟಿಲ್ಲದೆ ಹೇಳಿದಳು.

“ಆಗೂದಿಲ್ಲಂತ ಮುಂಜಾನೇನ ಹೇಳಿದ್ರ ಹತ್ತಿ ಬಿಡಸಾಕರ ಹೋಗ್ತಿದ್ನೆವ್ವಾ. ಅದೂ ಹೋತು, ಇದೂ ಹೋತು.”

ರಾಯರ ಮಾತೇ. ಇಪ್ಪತ್ತಾರು ವರ್ಷ ಆದ ಮೇಲೆ, ಬೇರೆ ಊರಲ್ಲಿ, ಬೇರೆ ಕನ್ನಡದಲ್ಲಿ. ಆ ಸಾವಿರ ರೂಪಾಯಿಯನ್ನು ನನ್ನ ಪರ್ಸಿನಿಂದ ಬದಲಿಸಿ ಕೊಡೋಣವೆಂದರೆ ನನ್ನಲ್ಲಿ ಇದ್ದದ್ದೂ ಹಳೆಯ ನೋಟೇ.

ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಎಂಟೂವರೆಗೆ ಕ್ಯಾಶ್ ಎಣಿಸಿ, ಸ್ಟೂಲ್ ಹೊರಗೆ ಹಾಕಿಸಿಕೊಂಡು ಅದರ ಮೇಲೆ ನಿಂತೆ. ಸೀರೆ ಉಟ್ಟು ಸ್ಟೂಲ್ ಹತ್ತುವುದು ಎಂಥ ಸರ್ಕಸ್ಸು ಅಂತ ಹತ್ತಿದವರಿಗೇ ಗೊತ್ತು. “ಇವತ್ತು ಬಂದಿರೋದು ನಾಲ್ಕು ಲಕ್ಷ. ನಾಲ್ಕು ಸಾವಿರ ಕೊಡಾಕ ಆಗಂಗಿಲ್ಲ, ಒಬ್ಬರಿಗೆ ಎರಡು ಸಾವಿರ. ಇನ್ನೂರು ಮಂದಿಗೆ ಆಗ್ತದ. ಇನ್ನೂರನೇ ಮಂದಿ ಎಲ್ಲಿ ನಿಂತಾರ ಅಲ್ಲಿ ಗ್ವಾಡಿಗೆ ಗೆರಿ ಹೊಡಸ್ತೀನಿ. ಗೆರಿ ಹಿಂದ ಇದ್ದವರಿಗೆ ಇವತ್ತು ಸಿಗಂಗಿಲ್ಲ. ಹೊಲಕ್ಕ ಹೋಗೋರು ಹೋಗ್ರಿ.” ನನ್ನ ಹಾಸನದ ನಾಲಿಗೆಯಲ್ಲಿ ಈ ಕನ್ನಡ ಅರ್ಧ ಸರಿ, ಅರ್ಧ ತಪ್ಪು. ಅರ್ಥವಂತೂ ಆಯಿತು. ಅಟೆಂಡರ್ ಎಣಿಸುತ್ತಾ ಹೋಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆಯ ಹಿಂದಿದ್ದವರಿಗೆ ನಂಬರ್ ಬರೆದು, ಸೀಲ್ ಹೊಡೆದು ಚೀಟಿ ಕೊಟ್ಟೆವು. ನಾಳೆ ಇವರೇ ಮೊದಲು.

ಬೈಗುಳ ಬಿತ್ತು. ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಬಿತ್ತು. ಆಮೇಲೆ ಅರ್ಧ ಸಾಲು ಚದುರಿತು. ಸೈಕಲ್, ಟಂಟಂ, ನಡಿಗೆ. ಒಂಬತ್ತೂವರೆಗೆ ಗೆರೆಯ ಹಿಂದಿನ ಮುನ್ನೂರು ಜನ ಹೊಲದಲ್ಲಿದ್ದರು.

ನಾಳೆ ಬನ್ನಿ ಅನ್ನುವುದಕ್ಕೂ ನಾಳೆಗೆ ನಿಮ್ಮ ನಂಬರ್ ಹದಿನೇಳು ಅನ್ನುವುದಕ್ಕೂ ಎಷ್ಟು ದೂರ ಅಂತ ಅವತ್ತು ಕಂಡೆ. ನಮ್ಮ ರಾಜ್ಯ ಸರ್ಕಾರ 2011ರಲ್ಲಿ ಸಕಾಲ ಕಾಯ್ದೆ ತಂದು, ಮರುವರ್ಷ ಏಪ್ರಿಲ್‌ನಿಂದ ಜಾರಿ ಮಾಡಿದ್ದೂ ಇದನ್ನೇ: ಅರ್ಜಿ ಕೊಟ್ಟವರಿಗೆ ಒಂದು ನಂಬರು, ಇಷ್ಟೇ ದಿನದಲ್ಲಿ ಅನ್ನುವ ಗಡುವು, ತಪ್ಪಿದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರರವರೆಗೆ ಪರಿಹಾರ. ಇಪ್ಪತ್ತು ರೂಪಾಯಿಗೆ ಯಾರೂ ಶ್ರೀಮಂತರಾಗುವುದಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ‘ನಾಳೆ’ಗೆ ಒಂದು ತಾರೀಖು ಹುಟ್ಟಿತಲ್ಲ, ಅದು ದೊಡ್ಡದು.

ಆದರೆ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಐದನೆಯ ದಿನವೋ ಆರನೆಯ ದಿನವೋ ವ್ಯಾನ್ ಬರಲೇ ಇಲ್ಲ. ಚೀಟಿ ಹಿಡಿದವರು ಬೆಳಿಗ್ಗೆಯೇ ಬಂದು ನಿಂತಿದ್ದರು. ಮತ್ತೆ ಸ್ಟೂಲ್ ಹತ್ತಿದೆ. ಒಬ್ಬಾತ ಚೀಟಿಯನ್ನು ಉಂಡೆ ಮಾಡಿ ನನ್ನ ಮೇಲೆ ಎಸೆದು, “ಮತ್ತ ಈ ಚೀಟಿ ಕೊಟ್ಟಿದ್ದು ಯಾಕ್ರೀ ಮೇಡಮ್ಮಾರ?” ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವತ್ತಿನಿಂದ ಚೀಟಿ ಕೊಡುವಾಗ “ದುಡ್ಡು ಬಂದ್ರ” ಅನ್ನುವ ಒಂದು ಮಾತು ಸೇರಿಸಿದೆ. ನಡುವೆ ನೋಟು ಬದಲಿಸಿಕೊಂಡವರ ಬೆರಳಿಗೆ ಶಾಯಿ ಹಚ್ಚಬೇಕೆಂಬ ಆದೇಶ ಬಂತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಬರುತ್ತಿರುವ ಆ ಶಾಯಿ ಮೈಸೂರಿನದು, ಹೊಸ ಎರಡು ಸಾವಿರದ ನೋಟು ಅಚ್ಚಾಗಿದ್ದ ಕಡೆಗಳಲ್ಲಿ ಮೈಸೂರೂ ಒಂದು. ನಮ್ಮ ಅಟೆಂಡರ್, “ಶಾಯಿಗೆ ಹಾವೇರಿ ದಾರಿ ಗೊತ್ತೈತಿ, ನೋಟಿಗೆ ಗೊತ್ತಿಲ್ಲ ನೋಡ್ರಿ” ಅಂದ. ಆ ನವೆಂಬರಿನಲ್ಲಿ ನಾನು ಬಾಯಿ ತುಂಬ ನಕ್ಕಿದ್ದು ಅದೊಂದೇ ಸಲ.

ಜನರಿಗೆ ಹೇಳುವುದು ಒಂದು ಕಷ್ಟ. ಮೇಲಿನವರಿಗೆ ಹೇಳುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಷ್ಟ, ಏಕೆಂದರೆ ಅಲ್ಲಿ ಬಯ್ಯುವವರ ಕೈಯಲ್ಲಿ ನಮ್ಮ ವರ್ಗಾವಣೆ ಇರುತ್ತದೆ.

ಪ್ರತಿ ತಿಂಗಳೂ ರಿವ್ಯೂ ಮೀಟಿಂಗ್. ಪರದೆ ಮೇಲೆ ಸಣ್ಣ ಸಣ್ಣ ಚೌಕದಲ್ಲಿ ನಮ್ಮ ಮುಖಗಳು. ಒಂದೊಂದೇ ಶಾಖೆಯ ಹೆಸರು ಕೂಗುತ್ತಾರೆ. ಠೇವಣಿ ಎಷ್ಟು, ವಿಮೆ ಎಷ್ಟು ಮಾರಿದಿರಿ, ಬಾಕಿ ಸಾಲ ಎಷ್ಟು ವಸೂಲಿ. “ಡಿಸೆಂಬರ್ ಒಳಗೆ ಆಗುತ್ತಾ?” “ಮಾಡ್ತೀವಿ ಸಾರ್.” ಮುಂದಿನ ಶಾಖೆ. “ಮಾಡ್ತೀವಿ ಸಾರ್.” ನನಗೆ ಇದು ಬೆಳಗಿನ ಸುಪ್ರಭಾತದ ಹಾಗೆ ಕೇಳುತ್ತಿತ್ತು. ಯಾರೂ ಮಾಡುವುದಿಲ್ಲ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಒಂದು ಸಲ ನಾನು, “ಡಿಸೆಂಬರ್ ಒಳಗೆ ಆಗಲ್ಲ ಸಾರ್” ಅಂದೆ. ಚೌಕಗಳೆಲ್ಲ ಒಮ್ಮೆ ಮೌನ. “ನಮ್ಮ ಕಡೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಜೋರಾಗಿ ಬರೋದು ಜನವರಿ ಆದ್ಮೇಲೆ. ಆಗ ರೈತರ ಕೈಗೆ ದುಡ್ಡು ಬರುತ್ತೆ. ಈಗ ಅರ್ಧ ಮಾಡ್ತೀನಿ, ಮಾರ್ಚ್ ಕೊನೆಗೆ ಪೂರ್ತಿ.”

ಬಯ್ಸಿಕೊಂಡೆ. ನೆಗೆಟಿವ್ ಆ್ಯಟಿಟ್ಯೂಡ್ ಅನ್ನುವ ಮಾತು ಎರಡು ಸಲ ಬಂತು. ಆ ವರ್ಷ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಇತ್ತು ಅಂತ ನನ್ನ ಯಜಮಾನರು ಇವತ್ತಿಗೂ ವಾದಿಸುತ್ತಾರೆ. ಮಾರ್ಚಿನಲ್ಲಿ ನಾನು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಆಯಿತು. ಆದರೆ ಮುಂದಿನ ವರ್ಷದಿಂದ ಆ ಅಧಿಕಾರಿ ಮೀಟಿಂಗ್ ಮುಗಿದ ಮೇಲೆ ನನಗೆ ಫೋನ್ ಮಾಡಿ, “ಮೇಡಂ, ನಿಜವಾಗ್ಲೂ ಎಷ್ಟಾಗಬಹುದು ಹೇಳಿ, ನಾನೂ ಮೇಲೆ ಒಂದು ನಂಬರ್ ಕೊಡಬೇಕು” ಅನ್ನುತ್ತಿದ್ದರು. ಎಲ್ಲರೆದುರು ಬಯ್ಯುವುದು, ಆಮೇಲೆ ಗುಟ್ಟಾಗಿ ನಿಜ ಕೇಳುವುದು. ಹೀಗೂ ಒಂದು ಕಚೇರಿ ನಡೆಯುತ್ತದೆ.

ಕೊನೆಯ ಶಾಖೆ ತಿಪಟೂರು ಕಡೆಯದು. ಅಲ್ಲಿಗೆ ಪಾಟ್ನಾದ ಒಬ್ಬ ಹುಡುಗ ಪ್ರೊಬೇಷನರಿ ಆಫೀಸರ್ ಆಗಿ ಬಂದ. ಲೆಕ್ಕದಲ್ಲಿ ಹುಲಿ. ಕನ್ನಡ ಸೊನ್ನೆ. ಸೆಕ್ಯೂರಿಟಿ ಗಾರ್ಡ್ ಮಿಲಿಟರಿಯಿಂದ ಬಂದವರು, ಹಿಂದಿ ಬಲ್ಲವರು. ಅವರು ಇವನಿಗೆ ಮೊದಲ ವಾರದಲ್ಲಿ ಎರಡು ಕನ್ನಡ ಮಾತು ಕಲಿಸಿಕೊಟ್ಟರು. ಯಾವುವು ಅಂತೀರಿ? ‘ಆಗಲ್ಲ’ ಮತ್ತು ‘ನಾಳೆ ಬನ್ನಿ’. ಇಷ್ಟಿದ್ದರೆ ಬ್ಯಾಂಕ್ ನಡೆಸಬಹುದು ಅಂತ ಅವರ ಲೆಕ್ಕ. ಹುಡುಗ ಶ್ರದ್ಧೆಯಿಂದ, ನಗುಮುಖದಿಂದ, ಕಣ್ಣಲ್ಲಿ ಕಣ್ಣಿಟ್ಟು ಎಲ್ಲರಿಗೂ ‘ಆಗಲ್ಲ, ನಾಳೆ ಬನ್ನಿ’ ಅನ್ನತೊಡಗಿದ.

ಒಂದು ದಿನ ತೆಂಗಿನ ತೋಟದ ರೈತರೊಬ್ಬರು ನನ್ನ ಕ್ಯಾಬಿನ್ನಿಗೆ ಬಂದು ಟವೆಲ್ ಕೊಡವಿ ಕೂತರು. ಅವರ ಅಪ್ಪ ತೀರಿಕೊಂಡಿದ್ದರು. ಠೇವಣಿಗೆ ನಾಮಿನಿ ಇರಲಿಲ್ಲ. “ನಾಕು ಸತಿ ಬಂದೆ ಮೇಡಂ. ಮೊದ್ಲು ಮರಣ ಪತ್ರ ಅಂದ್ರು, ತಂದೆ. ಆಮೇಲೆ ವಂಶವೃಕ್ಷ ಅಂದ್ರು, ನಾಡಕಚೇರಿಗೆ ಅಲೆದು ಅದನ್ನೂ ತಂದೆ. ಆಮೇಲೆ ಅಣ್ತಮ್ಮಂದಿರ ಸಹಿ ಅಂದ್ರು. ಇವತ್ತು ಅಕ್ಕತಂಗೀರ ಆಧಾರ್ ಅಂತಾವ್ರೆ. ಒಂದೇ ಸತಿ ಎಲ್ಲಾ ಹೇಳಕ್ಕೆ ಆ ಸ್ವಾಮಿಗೆ ಏನ್ ಕಾಯಿಲೆ?”

ಹುಡುಗನನ್ನು ಕರೆದೆ. ಅವನಿಗೆ ದುರಹಂಕಾರ ಇರಲಿಲ್ಲ, ಪಾಪ. ಬೇಕಾದ ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಹೇಳಲು ಬಾರದೆ, ಒಂದು ಸಲಕ್ಕೆ ಒಂದೇ ಪದ ಕಲಿತುಕೊಂಡು ಹೇಳುತ್ತಿದ್ದ! ಅವತ್ತು ಸಂಜೆ ಅವನನ್ನು ಕೂರಿಸಿ ಇನ್ನೆರಡು ಮಾತು ಕಲಿಸಿದೆ. ‘ಏನಾಗಬೇಕಿತ್ತು?’ ಮತ್ತು ‘ಇಷ್ಟು ತಂದರೆ ಆಗುತ್ತೆ’. ಆ ‘ಇಷ್ಟು’ ಏನೇನು ಅಂತ ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ಮಾಡೋಣ ಅಂದೆ. ಅವನೇ ಬರೆದ. ವಾರಗಟ್ಟಲೆ ಅಕ್ಷರ ತಿದ್ದಿದ. ‘ವಂಶವೃಕ್ಷ’ವನ್ನು ‘ವಂಶವ್ರುಕ್ಷ’ ಅಂತ ಬರೆದಿದ್ದ, ಪ ಮತ್ತು ಷ ಅವನಿಗೆ ಕೊನೆಯವರೆಗೂ ಒಂದೇ. ಝೆರಾಕ್ಸ್ ಮಾಡಿಸಿ ಮೇಜಿನ ಮೇಲೆ ಇಟ್ಟ. ಸಾಲ ಬೇಕೆಂದವರಿಗೆ ಪಹಣಿ, ಋಣಭಾರದ ಇ.ಸಿ., ಬಾಕಿ ಇಲ್ಲವೆಂಬ ನೋ ಡ್ಯೂ, ಫೋಟೋ ಎಲ್ಲ ಒಂದೇ ಚೀಟಿಯಲ್ಲಿ. ಜನ ಅವನ ಕಾಗುಣಿತ ನೋಡಿ ನಗುತ್ತಿದ್ದರು, ಚೀಟಿಯನ್ನು ಮಾತ್ರ ಜೋಪಾನವಾಗಿ ಜೇಬಿಗೆ ಹಾಕುತ್ತಿದ್ದರು. ನಾನು ನಿವೃತ್ತಳಾಗುವ ಹೊತ್ತಿಗೆ ಅದೇ ರೈತರು ಅವನಿಗೆ ಎಳನೀರು ತಂದು ಕೊಡುತ್ತಿದ್ದರು. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂಬ ಶಿಫಾರಸಿಗೆ ಕೇಂದ್ರ ಒಪ್ಪಿತು. ಬೇಕಾದ್ದೇ. ಇನ್ನೂ ಮುಂಚೆ ಬರಬೇಕಿತ್ತು. ಆದರೆ ಕನ್ನಡ ಬಂದವರೆಲ್ಲ ಪಟ್ಟಿಯನ್ನು ಒಂದೇ ಸಲ ಹೇಳುತ್ತಾರೆ ಅನ್ನುವ ಭ್ರಮೆ ನನಗಿಲ್ಲ. ಅಚ್ಚ ಕನ್ನಡದಲ್ಲೇ ನಾನು ಎಷ್ಟು ಜನರನ್ನು ನಾಲ್ಕು ನಾಲ್ಕು ಸಲ ಅಲೆಸಿಲ್ಲ?

ಮಗಳಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲೂ ಬೆಳಿಗ್ಗೆ ಮೀಟಿಂಗಲ್ಲಿ ಎಲ್ಲರೂ ‘ಆನ್ ಟ್ರ್ಯಾಕ್’ ಅಂತಾರಮ್ಮಾ. ಗುರುವಾರದವರೆಗೂ ಆನ್ ಟ್ರ್ಯಾಕ್. ಶುಕ್ರವಾರ ಸಂಜೆ ಬಿದ್ದುಹೋಗಿರುತ್ತೆ” ಅಂದಳು. ನೀನು? ಅಂದೆ. “ನಾನೂ ಹಾಗೇ ಅಂತೀನಿ” ಅಂದು ನಕ್ಕಳು. ಕಳೆದ ಸಲ ಅವಳ ಕೆಲಸಕ್ಕೆ ಕಾಯುತ್ತಿದ್ದ ಇನ್ನೊಬ್ಬ ಹುಡುಗಿ ಶನಿವಾರ, ಭಾನುವಾರ ಎರಡೂ ದಿನ ಆಫೀಸಿನಲ್ಲಿ ಕೂರಬೇಕಾಯಿತಂತೆ. ಅವಳ ತಮ್ಮನ ನಿಶ್ಚಿತಾರ್ಥ ಇತ್ತಂತೆ ಅವತ್ತು. ಅಪ್ರೈಸಲ್ಲಿನ ಆ ಒಂದು ಸಾಲು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೋರ್ಸಿನ ದುಡ್ಡು ವಾಪಸ್ ಬರುತ್ತದೆಯೇ ಅಂತ ಕೇಳಿದೆ. ಬರಲ್ಲವಂತೆ.

ಕಳೆದ ನವೆಂಬರಿನಲ್ಲಿ ನಾನು ಬ್ಯಾಂಕಿಗೆ ಹೋಗಿದ್ದೆ, ಈ ಸಲ ಕೌಂಟರಿನ ಆಚೆಯವಳಾಗಿ. ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ. ಬೆರಳಿಡುವ ಮೆಷಿನ್ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, “ಮೆಷಿನ್ ಕೆಟ್ಟಿದೆ ಆಂಟಿ, ನಾಳೆ ಬನ್ನಿ” ಅಂದಳು. ಬದುಕಿದ್ದೇನೆ ಅಂತ ಹೇಳಲು ಬಂದವಳಿಗೆ ನಾಳೆ ಬನ್ನಿ! ಶಟರ್ ಮೇಲಿನ ಸೀಮೆಸುಣ್ಣ ನೆನಪಾಗಿ ನಗು ತಡೆಯಲಾಗಲಿಲ್ಲ. ಅವಳು ತಲೆ ಎತ್ತಿದಳು.

“ನಾಳೆ ಸರಿಹೋಗುತ್ತಾ ಮಗಾ?” ಅಂದೆ.

ಒಂದು ಕ್ಷಣ ನೋಡಿದಳು. ಹಿಂದೆ ಮ್ಯಾನೇಜರ್ ಕ್ಯಾಬಿನ್ ಕಡೆ ಒಮ್ಮೆ ನೋಡಿದಳು. ದನಿ ತಗ್ಗಿಸಿ, “ನಿಜ ಹೇಳ್ಲಾ ಆಂಟಿ? ನಾಳೆನೂ ಆಗಲ್ಲ. ಹೊಸ ಮೆಷಿನ್ ಬರಬೇಕು, ಯಾವಾಗ ಅಂತ ನಂಗೂ ಗೊತ್ತಿಲ್ಲ. ನಿಮ್ ಹತ್ರ ಒಳ್ಳೆ ಫೋನ್ ಇದ್ಯಾ? ಅದ್ರಲ್ಲೇ ಮುಖ ತೋರಿಸಿ ಮಾಡಬಹುದು” ಅಂದಳು. ಕೌಂಟರ್ ಬಿಟ್ಟು ಈಚೆ ಬಂದು, ಕಿಟಕಿಯ ಬೆಳಕಿಗೆ ನನ್ನನ್ನು ನಿಲ್ಲಿಸಿ, ಫೋನನ್ನು ನನ್ನ ಮುಖಕ್ಕೆ ಹಿಡಿದಳು.

“ಈಗ ಕಣ್ಣು ಮಿಟುಕಿಸಿ” ಅಂದಳು.

ಮಿಟುಕಿಸಿದೆ.